ಚಿಲಕ

ಹೊಡೆದವನು ನಾನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ,
ಎಲ್ಲ ಕಡೆಯೂ ಮೊದಲು ಇದನ್ನೇ ಹೇಳುತ್ತೇನೆ.
ಬೂಟಿನೊಳಗೆ ಉಗುಳಿದವನೂ ನಾನಲ್ಲ.
ಆ ಹೆಸರಿಟ್ಟವನು ನಮ್ಮ ಕ್ಯಾಪ್ಟನ್ ದೇವಿಪ್ರಸಾದ,
ಗೌರಿಬಿದನೂರಿನವನು. ತೆಲುಗಿನಲ್ಲಿ ಪುರುಗು ಅಂದ,
ಕನ್ನಡಕ್ಕೆ ಬರುವಷ್ಟರಲ್ಲಿ ಹುಳ ಆಗಿತ್ತು.

ಮುಬೀನ್ ಶಿಡ್ಲಘಟ್ಟದ ಹುಡುಗ, ಮೂರನೇ ಗೋಲ್‌ಕೀಪರ್.
ಮೊದಲ ಬಸ್ಸಿಗೆ ಚಿಕ್ಕಬಳ್ಳಾಪುರಕ್ಕೆ ಬಂದಿಳಿಯುವನು.
ಅವರಮ್ಮ ರೀಲಿಂಗ್ ಮನೆಯಲ್ಲಿ
ಕುದಿನೀರಿಗೆ ಕೈಯಿಟ್ಟು ಎಳೆ ಹಿಡಿಯುವವಳು.
ಆ ಒಲೆಯ ಕಾವಿಗೇ ಒಣಗಿದ ಅವನ ಜೆರ್ಸಿ
ಬೆಂದ ಹುಳುವಿನ ವಾಸನೆ ಹೊತ್ತು ಬರುತ್ತಿತ್ತು.
ನಮ್ಮ ಡ್ರೆಸ್ಸಿಂಗ್ ರೂಮಿಗೇನು ವಾಸನೆ ಕಡಿಮೆಯೇ?
ಇಪ್ಪತ್ತೆರಡು ಜೊತೆ ಸಾಕ್ಸು, ನೋವಿನೆಣ್ಣೆ,
ಬೆಂಚಿನಡಿ ಯಾರೋ ಬಿಟ್ಟ ಮೊಟ್ಟೆಸಿಪ್ಪೆ.
ಆದರೂ ಅವನು ಬಂದರೆ ಮೂಗು ಮುಚ್ಚುತ್ತಿದ್ದೆವು.
ಅವನ ಹೆಸರಿಗಲ್ಲ, ವಾಸನೆಗೆ, ಎಂದುಕೊಳ್ಳುತ್ತಿದ್ದೆವು.
ಹಾಗೆ ಎಂದುಕೊಳ್ಳಬೇಕಾಗಿ ಬಂತು ಅಂದಮೇಲೆ
ನೀವೇ ತಿಳಿದುಕೊಳ್ಳಿ.

ತಿಂಗಳಿಗೆ ಒಂಬತ್ತು ಸಾವಿರ. ಬೆಂಗಳೂರಲ್ಲಿ ಲೀಗ್ ಇದ್ದರೆ
ಬಸ್ ಚಾರ್ಜು. ಗೆದ್ದರೆ ಬಿರಿಯಾನಿ.
ಅಷ್ಟಕ್ಕೇ ಇಪ್ಪತ್ತೆರಡು ಹೊಟ್ಟೆ, ಹನ್ನೊಂದು ಜಾಗ.
ಒಬ್ಬ ಹುಳ ಆದರೆ
ಉಳಿದವರು ಮನುಷ್ಯರು ಅಂತ ಗ್ಯಾರಂಟಿ.
ಅವನು ಬರುವ ಮೊದಲು ಒಂದೂವರೆ ತಿಂಗಳು
ನಾನು ಬೋಂಡ ಆಗಿದ್ದೆ.
ಇದನ್ನು ಈವರೆಗೆ ಎಲ್ಲೂ ಹೇಳಿಲ್ಲ.

ಒಂದು ಬೆಳಿಗ್ಗೆ, ನಂದಿ ರಸ್ತೆಯ ಮಂಜಿನಲ್ಲಿ ಓಡುವಾಗ,
ಅವನು ಜೇಬಿನಿಂದ ಒಂದು ಗೂಡು ತೆಗೆದು
ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದ.
"ಕೇಳ್ತಾ ಅಣ್ಣ? ಸದ್ದು ಬಂದ್ರೆ ಒಳಗೆ ಚೆನ್ನಾಗೈತೆ ಅಂತ.
ಬರ್ಲಿಲ್ಲ ಅಂದ್ರೆ ಸತ್ತು ಅಂಟ್ಕೊಂಡೈತೆ."
ಟಕ್, ಟಕ್.
ಇಬ್ಬರೂ ನಕ್ಕೆವು. ಮುಂದಿದ್ದ ದೇವಿ ತಿರುಗಿ ನೋಡಿದ.
ನಾನು ರಸ್ತೆಯ ಆಚೆ ಬದಿಗೆ ಹೋಗಿ ಓಡಿದೆ.

ಆ ಭಾನುವಾರ ಒಬ್ಬ ಕೀಪರಿಗೆ ಮಂಡಿ, ಇನ್ನೊಬ್ಬನಿಗೆ ಜ್ವರ.
ಮುಬೀನನ ಮೊದಲ ಮ್ಯಾಚು.
"ಹೊಸಬನಿಗೆ ಪೂಜೆ ಆಗ್ಬೇಕಲ್ಲ" ಅಂದರು ಯಾರೋ.
ಚೆಂಡು, ಬಲೆ ತುಂಬುವ ಕೋಣೆ. ಕಿಟಕಿಯಿಲ್ಲ, ತಗಡಿನ ಬಾಗಿಲು.
ಬಡಿಯುತ್ತಾನೆ, ಬೇಡುತ್ತಾನೆ, ಆಗ ತೆಗೆಯೋಣ ಎಂದಿತ್ತು.
ಬಡಿಯಲಿಲ್ಲ.
ಹತ್ತು ನಿಮಿಷ. ಇಪ್ಪತ್ತು.
"ಮಲಗಿಬಿಟ್ಟನೇನೋ" ಎಂದು ನಗು ಶುರುವಾಗಿ
ನಡುವೆಯೇ ನಿಂತಿತು.
ನಾನು ತಗಡಿಗೆ ಕಿವಿಯಿಟ್ಟೆ.
ಸದ್ದಿರಲಿಲ್ಲ.
ಕೋಚ್ ಸ್ಟ್ಯಾನ್ಲಿ ಸರ್ ಹೊರಗಿಂದಲೇ ಕೂಗಿದರು:
"ಹುಡುಗಾಟ ಸಾಕು, ಬೂಟ್ ಕಟ್ಟಿ."

ಅವತ್ತು ಅವನು ಪೆನಾಲ್ಟಿ ಹಿಡಿದ.
ಒಂದು ಸೊನ್ನೆಗೆ ಗೆದ್ದೆವು. ಅವನನ್ನು ಹೊತ್ತು ಕುಣಿದೆವು,
ಹೆಗಲ ಮೇಲೆ ಅವನು
ಒದ್ದೆ ಬಟ್ಟೆಯ ಹಾಗೆ ಇದ್ದ.
ಯಾರೂ ಮೂಗು ಮುಚ್ಚಲಿಲ್ಲ.
ಸೋಮವಾರದ ಮೊದಲ ಬಸ್ಸು ಬಂತು, ಹೋಯಿತು.
ಬಿರಿಯಾನಿಯಲ್ಲಿ ಅವನ ಪಾಲು ಸ್ಟೀಲ್ ಡಬ್ಬದಲ್ಲಿ
ಬುಧವಾರದವರೆಗೆ ಇತ್ತು.

ಮೊನ್ನೆ ಹಳೇ ಟೀಮು ಸೇರಿದ್ದೆವು. ದೇವಿ ಈಗ ಪಿಟಿ ಮೇಷ್ಟ್ರು,
ಮಕ್ಕಳಿಗೆ ಅಚ್ಚುಮೆಚ್ಚು, ತಲೆ ಪೂರ್ತಿ ಬೆಳ್ಳಗಾಗಿದೆ.
"ಆ ಹುಳ ಎಲ್ಲಿದ್ದಾನೋ ಪಾಪ" ಅಂದ, ಪ್ರೀತಿಯಿಂದಲೇ.
ಅವನ ನಿಜವಾದ ಹೆಸರು ಯಾರಿಗೂ ಹೊಳೆಯಲಿಲ್ಲ.
ಹೇಳಿದೆ.
ಒಂದು ಗಳಿಗೆ ಎಲ್ಲರೂ ತಟ್ಟೆ ನೋಡಿದರು.
ಆಮೇಲೆ ಯಾರೋ ನಿಂಬೆಹಣ್ಣು ಕೇಳಿದರು.

ಹೊಡೆದವನು ನಾನಲ್ಲ. ಸರಿ.
ಆ ಬಾಗಿಲ ಚಿಲಕ ತುಕ್ಕು ಹಿಡಿದಿತ್ತು.
ಎಡಗೈಯಲ್ಲಿ ಬಾಗಿಲು ಎತ್ತಿ ಹಿಡಿದು,
ಮಂಡಿಯಿಂದ ಒತ್ತಿ, ಬಲಗೈಯಿಂದ ಎರಡು ಸಲ ಗುದ್ದಿದರೆ
ಆಗ ಕೂರುತ್ತಿತ್ತು.
ತಾನಾಗಿ ಬೀಳುವಂಥದ್ದಲ್ಲ ಅದು.