ಹನಿ ಇಳಿಯುವ ಹೊತ್ತು

ಕರೂಂಡಾ ಊರಿನಿಂದ ಮೂಡಲಿಗೆ ಹನ್ನೊಂದು ಕಿಲೋಮೀಟರು.
ವರ್ನಾ ಲಿಂಡ್ನರಳ ಗೋಧಿ ಹೊಲ. ಕೊಯ್ಲು ಮುಗಿದು
ಕೂಳೆ ಮಾತ್ರ ಕಾಲಿಗೆ ಚುಚ್ಚುತ್ತದೆ.
ಉಕ್ಕಿನ ಬಳೆ, ಮರದ ಕೊಡತಿ, ಡ್ರಾಪರು, ಗಡಿಯಾರ:
ಮಣ್ಣಿನ ಸಮಾಚಾರ ಕೇಳಲು ನಾನು ತಂದದ್ದು ಇಷ್ಟೇ.

ಹನ್ನೆರಡು ವರ್ಷದ ಹಿಂದೆ ಅವಳ ಅಣ್ಣ ಕ್ಲೆಮ್
ಮ್ಯಾಲಿ ಮರದ ಬೊಡ್ಡೆಗಳನ್ನು ಅಗೆದು ತಂದು
ಗುಂಡಿಯಲ್ಲಿ ಉಸಿರುಕಟ್ಟಿಸಿ ಸುಟ್ಟ.
ಬೂದಿಯಾಗಲು ಬಿಡಲಿಲ್ಲ. ಬೆಂಕಿ ಬಾಯಿ ತೆರೆದಾಗಲೆಲ್ಲ
ಒಂದು ಸಲಿಕೆ ಮಣ್ಣು.
ಆ ಇದ್ದಿಲು ಕುಟ್ಟಿ ಆರು ಪಟ್ಟಿಗೆ ಎರಚಿದ,
ಪಕ್ಕದ ಆರು ಪಟ್ಟಿ ಹಾಗೇ ಬಿಟ್ಟ.

ಮೊದಲ ಮಳೆಗೆ ನೀರು ಎರಡರ ಮೇಲೂ
ಎಣ್ಣೆ ಸವರಿದ ಕಾವಲಿಯ ಮೇಲಿನಂತೆ ಉರುಳಿತಂತೆ.
ಹೊಸ ಇದ್ದಿಲಿಗೂ ನೀರೆಂದರೆ ಆಗದು,
ಒಗ್ಗಲು ವರ್ಷಗಳು ಬೇಕು.
ಅವನಿಗೆ ಅದು ಗೊತ್ತಿರಲಿಲ್ಲ.
"ಹೊಲಕ್ಕೆ ಮಸಿ ಬಳಿದೆ, ನನ್ನ ಮುಖಕ್ಕೂ" ಎಂದು
ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದ.
ಐದನೆಯ ವರ್ಷ, ಬಿತ್ತನೆಯ ವಾರ, ಹೃದಯ ನಿಂತಿತು.
ವರ್ನಾ ಆ ಹಾಳೆ ಹರಿದಿಲ್ಲ. ಗೂಟಗಳನ್ನೂ ಕಿತ್ತಿಲ್ಲ.

ಬಳೆ ಬಡಿಯುತ್ತೇನೆ. ಬರಿ ಪಟ್ಟಿಯಲ್ಲಿ
ಟ್ರ್ಯಾಕ್ಟರು ತುಳಿದ ಮರಳು ಟಣ್ ಎನ್ನುತ್ತದೆ.
ಇದ್ದಿಲ ಪಟ್ಟಿಯಲ್ಲಿ ಸದ್ದು ಮೆತ್ತಗೆ,
ಕಣಕಣದ ನಡುವೆ ಯಾರೋ ಜಾಗ ಬಿಟ್ಟು ಕೂತ ಹಾಗೆ.
ದೋಸೆಹಿಟ್ಟಿಗೆ, ಬೆಲ್ಲದ ಪಾಕಕ್ಕೆ, ಮಣ್ಣಿಗೆ
ನಮ್ಮಲ್ಲಿ ಒಂದೇ ಮಾತು, ಹದ.
ಅದನ್ನು ಇಂಗ್ಲಿಷಿನಲ್ಲಿ ಹೇಳಲು ಹೊರಟು, ಸೋತು,
ಅವಳ ಎರಡು ಅಂಗೈಗೆ ಎರಡು ಡಬ್ಬಿ ಇಟ್ಟೆ.
"ಇದು ಹಗುರ," ಎಂದಳು ಎಡಗೈ ನೋಡುತ್ತ.
"ಇದರಲ್ಲಿ ನೀನು ಕಡಿಮೆ ತುಂಬಿದ್ದೀಯ."
ಇಲ್ಲ, ಸಮಸಮ ಬಳೆ.

ಎಲ್ಲವೂ ಹೀಗೇ ಒದಗಲಿಲ್ಲ. ಮೂರನೆಯ ಪಟ್ಟಿ,
ಯಂತ್ರ ತಿರುಗುವ ತಲೆಗಟ್ಟಿನಲ್ಲಿ, ಎರಡೂ ಕಲ್ಲು.
ಐದನೆಯದರಲ್ಲಿ ಗೂಟ ಒಂದು ಕಡೆ, ಕಪ್ಪು ಇನ್ನೊಂದು ಕಡೆ:
ನೇಗಿಲು ಎಳೆದಿದೆ, ಗಾಳಿ ತೂರಿದೆ,
ಇರುವೆಗಳು ಒಂದೊಂದೇ ಚೂರು ಹೊತ್ತು ಗಡಿ ದಾಟಿವೆ.
ವರದಿಯಲ್ಲಿ ನಾನಿದನ್ನು ಕಲಬೆರಕೆ ಎಂದು ಬರೆಯಬೇಕು.

ನಾಳೆ ಅಡಿಲೇಡಿನಲ್ಲಿ ಈ ಡಬ್ಬಿಗಳಿಗೆ
ನೂರೈದು ಡಿಗ್ರಿಯ ಒಲೆ, ಒಂದು ಹಗಲು ಒಂದು ರಾತ್ರಿ.
ನೀರು ಹೋಗುತ್ತದೆ. ಇದ್ದಿಲಿಗೆ ಅದೆಂಥ ಬಿಸಿ,
ಹುಟ್ಟಿದ ಮನೆಯ ಹಿತ್ತಿಲಷ್ಟೂ ಅಲ್ಲ.

ಡ್ರಾಪರು ಕೊಡು ಎಂದಳು ವರ್ನಾ. ಮಂಡಿಯೂರಿ
ಕಪ್ಪಿನ ಮೇಲೆ ಒಂದು ಹನಿ ಬಿಟ್ಟು
ಅಜ್ಜಿಯ ಜರ್ಮನಿನಲ್ಲಿ ಎಣಿಸತೊಡಗಿದಳು:
ಐನ್ಸ್, ತ್ಸ್ವೈ...
ಮೂರಕ್ಕೆ ಬಾಯಿ ತೆರೆದಳು, ಹನಿ ಇರಲಿಲ್ಲ.

ಮೇಲೇಳಲಿಲ್ಲ. ಮೊಣಕಾಲಲ್ಲೇ ಸರಿದು
ಬರಿ ಮರಳಿನ ಮೇಲೆ ಇನ್ನೊಂದು ಬಿಟ್ಟಳು.
ಅದು ಗುಂಡಗೆ ಕೂತಿತು, ಆಕಾಶದ ಚೂರು ಹೊತ್ತು.
ಫ್ಲಾಸ್ಕಿನ ಚಹಾ ಆರಿತು.
ನೂರಿಪ್ಪತ್ತು ದಾಟಿದೆ. ಎಣಿಸುತ್ತಲೇ ಇದ್ದಾಳೆ.