ಹೋಗುವುದಕ್ಕೆ ಮಾತ್ರ

ನಮ್ಮ ಜಿಲ್ಲೆಗೆ ರೈಲು ಬಂದದ್ದು ಲಾರಿಯಲ್ಲಿ,
ಹಗ್ಗ ಬಿಗಿಸಿಕೊಂಡು, ಟಾರ್ಪಾಲು ಹೊದ್ದು.
ಕುಶಾಲನಗರದ ಗೇಟಿನಲ್ಲಿ
"ಏನಿದೆ?" ಅಂದರೆ "ಇಂಜಿನ್ನು" ಅಂದನಂತೆ ಡ್ರೈವರು.
"ಅದು ಮುಂದೆ ಇದ್ದೇ ಇದೆಯಲ್ಲ, ಹಿಂದೇನು ಹೇಳು."

ಬಯಲಿನ ಯಾವುದೋ ಸಕ್ಕರೆ ಕಾರ್ಖಾನೆಯ ಹಿತ್ತಿಲಲ್ಲಿ
ಮೂವತ್ತು ವರ್ಷ ಮುಳ್ಳುತಂತಿಗೆ ಗೂಟವಾಗಿತ್ತು ಇದು.
ಹೊಗೆಕೊಳವೆಯೊಳಗೆ ಗೊರವಂಕದ ಗೂಡು.
ಹೆಸರಿನ ಫಲಕದಲ್ಲಿ ಉಳಿದದ್ದು
ಒಂದೂವರೆ ಅಕ್ಷರ, ಒಂದು ಒಂಬತ್ತು.
ಸುಂಟಿಕೊಪ್ಪದ ನಮ್ಮ ಧಣಿ ತೂಕದ ಲೆಕ್ಕದಲ್ಲಿ ಕೊಂಡು
ಕಾಫಿಗಿಡಗಳ ನಡುವೆ ಒಂದೂಕಾಲು ಮೈಲಿ ಹಳಿ ಹಾಸಿಸಿದರು,
ದುಂಡಗೆ,
ಬಳೆಯ ಹಾಗೆ.

ಬೆಳಗಿನ ಜಾವ ನಾಲ್ಕಕ್ಕೆ ನಾನು ಬೆಂಕಿ ಹಾಕುತ್ತೇನೆ.
ಕಲ್ಲಿದ್ದಲು ದುಬಾರಿ. ಕಿತ್ತೆಸೆದ ರೊಬಸ್ಟಾ ಬೊಡ್ಡೆ,
ಸಿಲ್ವರ್ ಓಕಿನ ಕೊಂಬೆ. ಓಕಿಗೆ ಸದ್ದು ಜಾಸ್ತಿ;
ಬೊಡ್ಡೆ ಹಿರಿಯರ ಸಿಟ್ಟಿನಂತೆ,
ಹತ್ತುವುದು ತಡ, ಹತ್ತಿದರೆ ಮಧ್ಯಾಹ್ನದವರೆಗೆ.

ಇದನ್ನೆಲ್ಲ ಕಲಿಸಿದವರು ಹಸೈನಾರ್.
ಅರಸೀಕೆರೆಯ ಶೆಡ್ಡಿನಲ್ಲಿ ಕೊನೆಯ ಉಗಿಬಂಡಿ ಆರಿದ ದಿನ
ಟಿಫಿನ್ ಡಬ್ಬಿಯಲ್ಲಿ ಸೀಟಿಯೊಂದನ್ನು ಕದ್ದು ತಂದವರು.
ಕಾಯ್ದ ಸಲಿಕೆಯ ಮೇಲೆ ಮೊಟ್ಟೆ ಒಡೆದು ಹಾಕುತ್ತ
ಹೇಳುತ್ತಾರೆ: "ಗಾಜಿನಲ್ಲಿ ನೀರು ನೋಡ್ತಾ ಇರು.
ಅದು ಕಾಣಿಸದ ದಿನ
ನೇರ ಪಡೆದವನೇ ಕಾಣಿಸ್ತಾನೆ."

ಮದುವೆಗೆ ಮುಂಚಿನ ಫೋಟೋದ ಜೋಡಿಗಳಿಗೆ
ಹೊಗೆ ಸಾಲದು, ಇನ್ನೂ ಬೇಕು.
"ಹೊಗೆ ಜಾಸ್ತಿ ಅಂದರೆ ಬೆಂಕಿ ಸರಿಯಿಲ್ಲ ಅಂತ ಅರ್ಥ,
ಮದುವೆಗೂ ಅದೇ ಮಾತು," ಅನ್ನುತ್ತಾರೆ ಹಸೈನಾರ್,
ಹುಡುಗಿ ನಗುತ್ತಾಳೆ, ಹುಡುಗ
ನಗಬೇಕೋ ಬೇಡವೋ ನೋಡುತ್ತಾನೆ.

ಅವಳು ಬಂದದ್ದು ಹೂಮಳೆ ಬಿದ್ದ ಒಂಬತ್ತನೇ ದಿನ.
ತೋಟವಿಡೀ ಬಿಳಿ, ಉಸಿರಿಗೆ ಸಿಹಿ ಅಂಟುವಷ್ಟು.
ಕಿಡಿ ಹಾರದಂತೆ ಕೊಳವೆಗೆ ಜಾಲರಿ ಕಟ್ಟಿ
ಇಳಿಯುತ್ತಿದ್ದೆ ನಾನು.
ಚಿಮ್ಮಿ ಅಂತ ಹೆಸರು. ಸೆರಗಿನ ಗಂಟಲ್ಲಿ ದುಡ್ಡು.
"ಎಷ್ಟು?"
"ನೂರಿಪ್ಪತ್ತು."
"ಹೋಗುವುದಕ್ಕೆ ಮಾತ್ರ?"
"ಇದು ಹೋಗೋದಿಲ್ಲ ಅಜ್ಜಿ, ಸುತ್ತುತ್ತೆ."
"ಸುತ್ತೋಕೂ ಮೊದಲು ಹೋಗಬೇಕಲ್ಲ ಮಗ."

ಅತ್ತಿಮರದ ಹತ್ತಿರ ಇಳಿಯಬೇಕಂತೆ.
ಅಲ್ಲಿ ಸ್ಟೇಷನ್ನಿಲ್ಲ, ನೀರಿನ ತೊಟ್ಟಿಯೊಂದು ಇದೆ.
ಅರವತ್ತು ಎಣಿಸಿ ಕೊಟ್ಟಳು.
ನಡೆದೇ ಹೋಗಬಹುದಿತ್ತು, ಹತ್ತು ನಿಮಿಷದ ದಾರಿ.
ಅದನ್ನು ನಾನು ಹೇಳಲಿಲ್ಲ.
ಗೇಟಿನ ವಾಚ್‌ಮನ್ ನಡೆದು ಬಂದವರನ್ನು ಬಿಡುವುದಿಲ್ಲ.

ಅತ್ತಿಮರ ಬಂದಾಗ ಹಸೈನಾರ್ ಉಗಿ ಮುಚ್ಚಿದರು.
ಕೆಳಗಿಳಿದು ಸಾಲುಗಳ ನಡುವೆ ನಡೆದಳು ಚಿಮ್ಮಿ.
ನಡೆಯುತ್ತಲೇ, ನೋಡದೆಯೇ, ಅವಳ ಕೈ
ಗಿಡದ ಬುಡದ ಕಳ್ಳ ಚಿಗುರನ್ನು ಮುರಿಯುತ್ತಿತ್ತು,
ಚಟ್, ಚಟ್,
ಕೂಲಿ ನಿಂತು ಇಪ್ಪತ್ತು ವರ್ಷವಾದರೂ.
ಮೂರು ಕಲ್ಲು ಇರಬೇಕಾದ ಕಡೆ ನಿಂತಳು.
ಒಲೆಯ ಕಲ್ಲು. ಒಂದೂ ಇರಲಿಲ್ಲ.

ಲೈನುಮನೆ ಕೆಡವಿದ ಕಲ್ಲನ್ನೇ ಒಡೆದು
ಹಳಿಯ ಕೆಳಗೆ ಸುರಿದದ್ದು. ಗೊತ್ತಿತ್ತು ನನಗೆ.
ಹೊತ್ತವರಲ್ಲಿ ನಾನೂ ಒಬ್ಬ,
ದಿನಕ್ಕೆ ಮುನ್ನೂರೈವತ್ತು, ಊಟ ಬೇರೆ.

ಡಬ್ಬಿಯಲ್ಲಿದ್ದವರು ಇದೂ ಒಂದು ಸ್ಟಾಪು ಅಂದುಕೊಂಡು
ಇಳಿದು, ಹೂವಿನ ಮುಂದೆ ನಿಂತು
ಫೋಟೋ ತೆಗೆಸಿಕೊಂಡರು. ಇಬ್ಬರ ಹಿಂದೆ,
ಮಸುಕಾಗಿ, ಚಿಮ್ಮಿ ಇರಬಹುದು.

ಸಂಜೆ ರೈಟರು ಕೇಳಿದರು: "ಈ ಅರವತ್ತು ಯಾವುದು?
ಮಕ್ಕಳ ಟಿಕೆಟ್ಟು ಎಂಬತ್ತಲ್ಲವಾ?"
ಆ ಲೆಕ್ಕ ಇನ್ನೂ ಹೊಂದಿಲ್ಲ.

ಮಾರನೆಯ ದಿನ ಮೊದಲನೇ ಸುತ್ತಿಗೇ
ಅತ್ತಿಮರದ ಬಳಿ ಬಂಡಿ ನಿಂತಿತು.
"ನೀರು ಕಡಿಮೆ," ಅಂದರು ಹಸೈನಾರ್.
ನಾನು ಗಾಜು ನೋಡಿದೆ.
ತುಂಬಿತ್ತು.