ಗೇಟಿನ ಲೆಕ್ಕ

ರಜೆಗಳ ಪಟ್ಟಿ ಮಟಮಾರಿ ಸ್ಟೇಷನ್ ಮಾಸ್ತರರ ಕೋಣೆಯಲ್ಲಿ,
ನಮ್ಮ ಗೇಟಿನ ಗೋಡೆಗೆ ಮೊಳೆ ಮಾತ್ರ.
ಕೆಂಪಂಕಿ ಇರಲಿ ಕಪ್ಪಂಕಿ ಇರಲಿ
ಗೂಡ್ಸು ಬರುತ್ತದೆ, ಚಕ್ಕಡಿ ನಿಲ್ಲುತ್ತದೆ,
ಒಬ್ಬರು ಎದ್ದಿರಬೇಕು.

ಗಂಡನ ನೌಕರಿ ನನಗೆ ಬಂದ ವರ್ಷ
ಹಸಿರು ಬಾವುಟ ಮಡಚುತ್ತ ಇನ್ನಾಸಪ್ಪ ಕೇಳಿದ್ದ:
"ಅಕ್ಕಾ, ನಿನಗ ಯಾವ ಹಬ್ಬ ಬೇಕು ಹೇಳಿಬಿಡು.
ನನಗ ಡಿಸೆಂಬರ್ ಇಪ್ಪತ್ನಾಲ್ಕರ ರಾತ್ರಿ, ಮರುದಿನದ ಹಗಲು.
ಮುದಗಲ್ಲಿಗೆ ಹೋಗಬೇಕು."
ಯಾವುದೂ ಬೇಡ ಅಂದೆ.
ನನ್ನ ಮುಂದೆ ಬಂದ ಆರತಿ ತಟ್ಟೆ
ದಾರಿ ಮರೆತಂತೆ ಮಾಡುತ್ತಿದ್ದ ದಿನಗಳು ಅವು.
ಅದಕ್ಕಿಂತ ವಾಡಿಯ ಸಿಮೆಂಟು ಗಾಡಿ ಮೇಲು,
ಯಾರ ಹಣೆ ನೋಡಿಯೂ ನಿಧಾನ ಮಾಡುವುದಿಲ್ಲ.

ಹೀಗೆ ಆರು ಕ್ರಿಸ್ಮಸ್ ನನ್ನವು.
ಅವನು ತಂದ ಕರ್ಜಿಕಾಯಿ ಡಬ್ಬಿ
ಖಾಲಿ ಕೊಡಬಾರದೆಂದು ಶೇಂಗಾ ತುಂಬುತ್ತಿದ್ದೆ.
ಲೆಕ್ಕ ಮಾತ್ರ ಅವನು ಬಿಡಲಿಲ್ಲ:
"ಆರು ಬಾಕಿ ಅಕ್ಕಾ. ನಾ ಸತ್ತರ ಯಾರು ತೀರಿಸ್ತಾರ?"

ಏಳನೆಯ ವರ್ಷ ಎಳ್ಳಮಾಸಿ ಬಂದು
ಸೀದಾ ಇಪ್ಪತ್ತೈದಕ್ಕೇ ಕೂತಿತು.
ಯಾವ ಪಟ್ಟಿಯಲ್ಲೂ ಇಲ್ಲದ ಹಬ್ಬ.
ತಮ್ಮ ಫೋನು ಮಾಡಿದ್ದ: ಜೋಳ ಎದೆಮಟ ಐತಿ,
ಈ ಸಲ ಚರಗ ನೀನೇ ಚೆಲ್ಲಬೇಕು.
ನೀನೇ, ಅಂದ. ಇನ್ನೊಮ್ಮೆ ಹೇಳಿಸಿಕೊಂಡೆ.

ಇನ್ನಾಸಪ್ಪನಿಗೆ ಹೇಳಲೋ ಬೇಡವೋ,
ಕ್ಯಾಲೆಂಡರಿನ ಹಾಳೆ ತಾನೇ ಎತ್ತಿ ನೋಡಿದ, ತಾನೇ ನಕ್ಕ.
"ರಾತ್ರಿ ಪೂಜಿ ಮುಗಿಯೋದು ಒಂದೂವರಿಗೆ. ಆರಕ್ಕ ಇಲ್ಲಿರ್ತೀನಿ."
ನೂರು ಚಿಲ್ಲರೆ ಕಿಲೋಮೀಟರು, ಬಸ್ಸಿಲ್ಲದ ಹೊತ್ತು.
ನಾನು ನಂಬಲಿಲ್ಲ.

ಆ ರಾತ್ರಿ ಹನ್ನೊಂದು ಗಾಡಿ ಕಳಿಸಿದೆ.
ಐದೂ ಐವತ್ತಕ್ಕೆ ಹತ್ತಿ ಲಾರಿಯೊಂದು
ಗೇಟಿನ ಮುಂದೆ ಉಸಿರು ಬಿಟ್ಟು ನಿಂತಿತು.
ಅಂಡಿಗೆಗಳ ಮೇಲಿಂದ ಇಳಿದ,
ಹೊಸ ಕೋಟು, ತಲೆ ಹೆಗಲೆಲ್ಲ ಬಿಳಿ ಎಳೆ,
ಹಬ್ಬದ ಕಾರ್ಡಿನಲ್ಲಿ ಇರುತ್ತದಲ್ಲ, ಆ ಊರಿನವನ ಹಾಗೆ.

ರಿಜಿಸ್ಟರು ಮುಂದಿಟ್ಟು ಕೇಳಿದೆ:
"ಕೂಸು ಹುಟ್ಟಿತೇನಪ್ಪ?"
ಗಾಡಿ ನಂಬರು ಒಪ್ಪಿಸುವ ದನಿಯಲ್ಲೇ ಹೇಳಿದ:
"ಹುಟ್ಟೈತಿ. ರೈಟ್ ಟೈಮ್."
ಸಹಿ ಮಾಡಿದ.

ಸಂಜೆ ಹೊಲದಿಂದ ಬಂದವಳು
ಸಜ್ಜಿ ಕಡಬು, ಪುಂಡಿಪಲ್ಯ, ಗುರೆಳ್ಳು ಹಿಂಡಿ
ಅವನ ತಟ್ಟೆಗೆ ಹಾಕಿ,
ಬುಟ್ಟಿಯ ತಳದ ಒಂದು ಹಿಡಿ ಚರಗ
ಹಳಿಯ ಪಕ್ಕದ ಜಲ್ಲಿಕಲ್ಲಿನ ಮೇಲೂ ಚೆಲ್ಲಿದೆ.
"ಅಲ್ಲೇನು ಬೆಳಿತದ?" ಅಂದ.
ಅಷ್ಟರಲ್ಲಿ ಫೋನು. ಬಾಯಲ್ಲಿ ತುತ್ತಿರುವಾಗಲೇ ಎದ್ದು
ಗೇಟು ಹಾಕಿದ.
ಆಮೇಲೆ, ಗಾಡಿಯ ಸದ್ದಿನ ನಡುವೆ ಕೂಗಿ,
"ಅಕ್ಕಾ, ಈಗ ಆರೂವರೆ ಬಾಕಿ!"